ದಿನಕ್ಕೆ 40 ಅಂಗಡಿ, ಆರ್ಡರ್ ಜೊತೆ ವಸೂಲಿನೂ: ಟೈಮ್ ಸಾಲ್ತಿಲ್ಲ

ಬೀಟ್‌ಹುಡುಗ:
ಡಿಸ್ಟ್ರಿಬ್ಯೂಟರ್ ಕಡೆ ಸೇಲ್ಸ್‌ಮನ್ ನಾನು, ಬಿಸ್ಕತ್ತು, ಸೋಪು, ಟೀಪುಡಿ ಲೈನು. ದಾವಣಗೆರೆ ಟೌನ್, ವಾರಕ್ಕೆ ಆರು ಬೀಟ್ (ದಿನಕ್ಕೊಂದು ಗೊತ್ತಾದ ರೂಟ್), ದಿನಕ್ಕೆ 40 ಕಿರಾಣಿ ಅಂಗಡಿ. ಆರ್ಡರ್, ಹಳೇ ಬಿಲ್ ವಸೂಲಿ, ಎಕ್ಸ್‌ಪೈರಿ ಮಾಲು ವಾಪಸ್, ಮೂರೂ ನನ್ನದೇ. 9ಕ್ಕೆ ಶುರು ಮಾಡಿದ್ರೂ ಸಂಜೆ 6ಕ್ಕೆ 28 ಅಂಗಡಿ ದಾಟಲ್ಲ. 7ರೊಳಗೆ ಆರ್ಡರ್ ಹೋಗದಿದ್ರೆ ಮರುದಿನದ ಗಾಡಿಗೆ ಲೋಡ್ ಆಗಲ್ಲ. ಎಲ್ಲಿ ಉಳಿಸಬಹುದು?

ಲೈನ್‌ಸೇಲ್:
ಊಟದ ಅರ್ಧ ಗಂಟೆ ಬಿಟ್ಟರೆ 510 ನಿಮಿಷಕ್ಕೆ 28 ಅಂಗಡಿ, ಅಂದ್ರೆ ಒಂದಕ್ಕೆ 18 ನಿಮಿಷ. ಓಡಾಟಕ್ಕೆ 2 ಕಳೀರಿ, ಕೌಂಟರ್ ಮುಂದೆ 16 ನಿಂತಿದ್ದೀರಿ. ಅದು 8ಕ್ಕೆ ಇಳಿದರೆ ಓಡಾಟ ಸೇರಿ 40 ಅಂಗಡಿ 400 ನಿಮಿಷ, ಊಟ ಹಿಡಿದ್ರೂ ನಾಲ್ಕೂ ಕಾಲಿನೊಳಗೆ ಮುಗೀತು.

"ಏನು ಬೇಕು ಸರ್?" ಅಂತ ಶುರು ಮಾಡಬೇಡಿ. "ಎಲ್ಲಾ ಇದೆ, ಮುಂದಿನ ವಾರ ಬಾ" ಅನ್ನೋದೇ ಉತ್ತರ, ಅಲ್ಲಿಂದ ಒಪ್ಪಿಸೋಕೆ ಹತ್ತು ನಿಮಿಷ. ಮೊದಲು ಶೆಲ್ಫ್ ಎಣಿಸಿ. "ಹತ್ತು ರೂಪಾಯಿ ಪ್ಯಾಕ್ ನಾಲ್ಕೇ ಉಳಿದಿದೆ, ಹೋದ ವಾರ ಎರಡು ಡಜನ್ ತಗೊಂಡಿದ್ರಿ, ಅಷ್ಟೇ ಹಾಕ್ಲಾ?" ಅಂದ್ರೆ ಹೂಂ ಅಂತಾರೆ, ಇಲ್ಲ ಒಂದು ಡಜನ್ ಅಂತಾರೆ. ಎರಡೂ ಆರ್ಡರೇ.

ಚೀಟೀಲಿ ಬರೆದು ಸಂಜೆ ಆಪ್‌ಗೆ ಹಾಕೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಚೀಟಿಗೆ ಎರಡು ನಿಮಿಷ ಅಂದ್ರೂ 80 ನಿಮಿಷ ದಂಡ, ಡಜನ್ ಇದ್ದದ್ದು ಕೇಸ್ (ಇಡೀ ಪೆಟ್ಟಿಗೆ) ಆಗೋ ತಪ್ಪೂ ಅಲ್ಲೇ ಹುಟ್ಟೋದು.

ಖಾತೆಪುಸ್ತಕ:
ಕೌಂಟರ್ ಟೈಮ್ ಒಪ್ಪಿದೆ. ಆದ್ರೆ 16 ನಿಮಿಷದಲ್ಲಿ ಅರ್ಧ ತಿನ್ನೋದು ವಸೂಲಿ. ಬೋಣಿ ಆಗೋ ಮುಂಚೆ ದುಡ್ಡು ಕೇಳಿದ್ರೆ ಸಿಗಲ್ಲ, ಮುಖಾನೂ ಕೆಡುತ್ತೆ. ದೀಪ ಹಚ್ಚಿದ ಮೇಲೂ ಅಷ್ಟೇ. ಮಂಗಳವಾರ, ಶುಕ್ರವಾರ ಗಲ್ಲಾದಿಂದ ಕಾಸು ತೆಗೆಯದ ಅಂಗಡಿಗಳು ಬೇಕಾದಷ್ಟಿವೆ. ಹೆಚ್ಚಿನ ಕಡೆ ದುಡ್ಡಿಗೆ ಸರಿಯಾದ ಹೊತ್ತು 11:30ರಿಂದ 1:30. ಬಾಕಿ ಇರೋ ಅಂಗಡಿಗಳು ಆ ಹೊತ್ತಿಗೆ ಸಿಗೋ ಹಾಗೆ ರೂಟ್ ತಿರುಗಿಸಿ. ಹಿಂದಿನ ರಾತ್ರಿ ಗಡುವು ಮುಗಿದವರಿಗೆ ಮಾತ್ರ ಬಿಲ್ ನಂಬರ್, ಮೊತ್ತ ವಾಟ್ಸಾಪ್ ಮಾಡಿ. ಎಲ್ಲರಿಗೂ ಕಳಿಸಿದರೆ ಯಾರೂ ಓದಲ್ಲ.

ದುಡ್ಡಿನ ಮಾತು ಮೊದಲು, ಆರ್ಡರ್ ಆಮೇಲೆ. ಹಳೇ ಬಾಕಿ ಇದ್ದರೆ ಎಷ್ಟೋ ಗೋಡೌನ್‌ಗಳಲ್ಲಿ ಹೊಸ ಬಿಲ್ ತಡೀತಾರೆ, ನೀವು ಬರೆದದ್ದು ನೀರಿನ ಮೇಲೆ ಬರೆದಂಗೆ.

ಹುಬ್ಬಳ್ಳಿ ಡಿಪೋ:
ತಮ್ಮಾ, ಎಲ್ಲಾ ಅಂಗಡಿಗೂ ಎಂಟs ನಿಮಿಷ ಆಗಂಗಿಲ್ಲ. ದೊಡ್ಡ ಅಂಗಡಿ ಇಪ್ಪತ್ತು ತಗೋತಾವ, ಸಣ್ಣ ಗೂಡಂಗಡಿ ಮೂರರಾಗ ಮುಗೀತಾವ. ದೊಡ್ಡವರ ಕಡೆ ಮುಂಜಾನೆ ಮಾಲು ಇಳಿಸೂ ಹೊತ್ತಿಗೆ ಹೋಗಬ್ಯಾಡ, ಹೊರಗ ನಿಂತು ಕಾಯೂದs ಆಕ್ಕೈತಿ. ಮಧ್ಯಾಹ್ನ ಗಿರಾಕಿ ಕಡಿಮಿ, ಖರೆ, ಆದ್ರ ಮಾಲಕ ಊಟಕ್ಕ ಮನೀಗೆ ಹೋಗಿರ್ತಾನ, ಗಲ್ಲಾ ಮ್ಯಾಲಿನ ಹುಡುಗಗ ಆರ್ಡರ್ ಕೊಡೂ ಅಧಿಕಾರ ಇರಂಗಿಲ್ಲ. ಅದಕ್ಕ ಬೀಟ್ ಲಿಸ್ಟಿನಾಗ ಅಂಗಡಿ ಹೆಸರಿನ ಬಾಜೂಕ "ಮಾಲಕ ಇರೂ ಹೊತ್ತು" ಅಂತ ಒಂದು ಕಾಲಂ ಹಾಕ್ಕೊ. ನಾಕು ವಾರದಾಗ ತುಂಬತೈತಿ.

ಎಕ್ಸ್‌ಪೈರಿ ಮಾಲು ದಿನಾ ಮುಟ್ಟಬ್ಯಾಡ. ತಿಂಗಳ ಎರಡನೇ ವಾರ ಒಂದs ಸಲ ಎಲ್ಲಾ ಎತ್ತು, ಕಡೀ ವಾರ ಟಾರ್ಗೆಟ್ ಬಡಿದಾಟಕ್ಕ ಬೇಕು.

ಬೀಟ್‌ಹುಡುಗ:
ಧನ್ಯವಾದ. ದೊಡ್ಡ ಬಾಕಿ ಎಲ್ಲಾ ಶುಕ್ರವಾರದ ಬೀಟ್‌ನಲ್ಲೇ ಇದೆಯಲ್ಲ, ಏನ್ಮಾಡ್ಲಿ?

ಖಾತೆಪುಸ್ತಕ:
ಬೀಟ್ ಬದಲಾಯಿಸೋಕೆ ಕೇಳಿ. ಆಗದಿದ್ರೆ ಗುರುವಾರವೇ ಫೋನ್ ಮಾಡಿ ಒಪ್ಪಿಸಿ, ಶನಿವಾರ ಮಾಲು ಇಳಿಸೋ ಹುಡುಗನ ಕೈಲಿ ಹಳೇ ಬಿಲ್ ಕಳಿಸಿ. ಮಾಲು ಎದುರಿಗೆ ಇದ್ದಾಗ ದುಡ್ಡು ಬೇಗ ಬರುತ್ತೆ. ನೋಟು ಕೊಡದವರು ಶುಕ್ರವಾರ ಫೋನ್‌ಪೇ ಮಾಡ್ತಾರೆ, ಲಕ್ಷ್ಮಿಗೆ ಅದು ಗೊತ್ತಾಗಲ್ಲ ಅಂತ ಲೆಕ್ಕವೋ ಏನೋ! ಹಾಕಿಸೋದು ಮಾತ್ರ ಡಿಸ್ಟ್ರಿಬ್ಯೂಟರ್ ಕ್ಯೂಆರ್‌ಗೇ. ನಿಮ್ಮ ನಂಬರಿಗೆ ಬಿದ್ದರೆ ರಾತ್ರಿ ಲೆಕ್ಕ ಹೊಂದಿಸೋಕೆ ಇನ್ನೊಂದು ಗಂಟೆ.