ಡೊಮಿನಿಕನ್ ಹಳ್ಳಿಯ ಮನೆಯಲ್ಲಿ ಸಸ್ಯಾಹಾರ: ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ಡೊಮಿನಿಕನ್ ಗಣರಾಜ್ಯದ ಸಾನ್ ಹೋಸೆ ದೆ ಓಕೋವಾ ಪ್ರಾಂತ್ಯದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ನಾನು ಸ್ವಯಂಸೇವಕಿಯಾಗಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾ, ಅಲ್ಲಿಯದೇ ಕುಟುಂಬವೊಂದರ ಜೊತೆ ವಾಸವಾಗಿದ್ದೇನೆ. ಆಗಾಗ ಕರೆಂಟು ಹೋಗುವುದು, ನೀರು ಬಂದ ದಿನ ಡ್ರಮ್ಮು ತುಂಬಿಸಿಡುವುದು, ಪೇಟೆಗೆ ಬಾಡಿಗೆ ಬೈಕಿನ ಹಿಂದೆ ಕುಳಿತು ಹೋಗುವುದು ಇವೆಲ್ಲ ಕರ್ನಾಟಕದ ಹಳ್ಳಿಯಲ್ಲಿ ಬೆಳೆದವಳಿಗೆ ಹೊಸದಲ್ಲ. ತೊಡಕಿರುವುದು ಊಟದಲ್ಲಿ.

ಇಲ್ಲಿ ಮಧ್ಯಾಹ್ನದ ಊಟವೆಂದರೆ ಅನ್ನ, ಕೆಂಪು ಬೀನ್ಸ್ ಕಾಳಿನ ಗೊಜ್ಜು ಮತ್ತು ಮಾಂಸ. ಇದಕ್ಕೆ 'ಲಾ ಬಾಂದೇರಾ' ಎನ್ನುತ್ತಾರೆ. ನಾನು ಸಸ್ಯಾಹಾರಿ ಎಂದು ತಿಳಿದ ಮನೆಯ ಅಜ್ಜಿ ಮಾಂಸವನ್ನಷ್ಟೇ ಬದಿಗಿಟ್ಟು ಪ್ರೀತಿಯಿಂದ ಬಡಿಸುತ್ತಾರಾದರೂ, ಕಾಳಿಗೆ ಹಾಕುವ ಮಸಾಲೆ ಬಿಲ್ಲೆಯಲ್ಲೇ ಕೋಳಿಯ ಅಂಶವಿರುತ್ತದೆ. ಅತಿಥಿ ತಟ್ಟೆ ಸರಿಸಿದರೆ ಇಲ್ಲಿಯೂ, ನಮ್ಮಲ್ಲಿಯಂತೆಯೇ, ಮನಸ್ಸಿಗೆ ನೋವಾಗುತ್ತದೆ. ಅಜ್ಜಿಗೆ ಬೇಸರವಾಗದಂತೆ ಇದನ್ನು ಹೇಗೆ ತಿಳಿಸಬೇಕೆಂದು ಲ್ಯಾಟಿನ್ ಅಮೆರಿಕದಲ್ಲಿ ಇದ್ದು ಬಂದವರು ದಯವಿಟ್ಟು ತಿಳಿಸಿ.

ವಾರಕ್ಕೊಮ್ಮೆ ನಾನೇ ಅಡುಗೆ ಮಾಡಿ ಮನೆಯವರಿಗೆ ಬಡಿಸುವ ಆಲೋಚನೆಯೂ ಇದೆ. ಭಾರತ ಮೂಲದ ತೊಗರಿ ಇಲ್ಲಿ 'ಗುವಾಂದುಲ್' ಎಂಬ ಹೆಸರಿನಲ್ಲಿ ಹಸಿ ಕಾಳಾಗಿ ಸಿಗುತ್ತದೆ. ಇವರು ಅದನ್ನು ತೆಂಗಿನ ಹಾಲಿನಲ್ಲೂ ಬೇಯಿಸುತ್ತಾರೆ, ರುಚಿ ಸೊಗಸು. ಹುಣಸೆ, ಬಾಳೆಕಾಯಿ, ಮರಗೆಣಸು, ಕೊತ್ತಂಬರಿ ಇವೆ. ಸಾಸಿವೆ, ಕರಿಬೇವು, ಸಾರಿನಪುಡಿ ಇಲ್ಲ. ಇಲ್ಲಿನವರು ಖಾರ ಅಷ್ಟಾಗಿ ತಿನ್ನುವುದಿಲ್ಲ. ಇಷ್ಟರಲ್ಲೇ ಆಗುವ ಹುಳಿ, ಪಲ್ಯ ಅಥವಾ ಉಸಲಿಯ ವಿಧಾನವಿದ್ದರೆ ಬರೆಯಿರಿ. ವಿದ್ಯುತ್ 110 ವೋಲ್ಟ್ ಆದ್ದರಿಂದ ಊರಿನ ಮಿಕ್ಸಿ ನಡೆಯದು. ರುಬ್ಬದೆ ಮಾಡುವಂಥದ್ದಾದರೆ ಒಳ್ಳೆಯದು.