ಅಪ್‌ಡೇಟ್: ಟ್ರೇಲರ್ ಕಟ್ಟಿಕೊಂಡು ಟಾಹೋಗೆ ಹೋಗಿಬಂದೆವು

ಸ್ಯಾಕ್ರಮೆಂಟೊದಿಂದ ಬೆಟ್ಟದ ಮೇಲಿನ ಟಾಹೋ ಸರೋವರಕ್ಕೆ ಟೆಸ್ಲಾ ಮಾಡೆಲ್ ವೈ ಎಲೆಕ್ಟ್ರಿಕ್ ಕಾರಿನಲ್ಲಿ ಸಣ್ಣ ಕ್ಯಾಂಪರ್ ಟ್ರೇಲರ್ ಎಳೆದುಕೊಂಡು ಹೋಗಬಹುದಾ ಅಂತ ಕೇಳಿದ್ದೆನಲ್ಲ, ಹೋಗಿಬಂದೆವು. ಟ್ರೇಲರ್ ತೂಕ ಕಾರು ಎಳೆಯಬಲ್ಲ 3,500 ಪೌಂಡ್ ಮಿತಿಯೊಳಗೇ ಇತ್ತು. ದಾರಿಯಲ್ಲಿನ ಡಾನರ್ ಪಾಸ್ ಘಾಟಿಯ ಏರಿನಲ್ಲೂ ಕಾರು ತಿಣುಕಲಿಲ್ಲ. ಆದರೆ ರೇಂಜ್, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ, ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಏರು ಬಿಟ್ಟರೆ, ತೂಕಕ್ಕಿಂತ ಟ್ರೇಲರ್‌ನ ಚಪ್ಪಟೆ ಮುಖಕ್ಕೆ ಬಡಿಯುವ ಗಾಳಿಯೇ ಜಾಸ್ತಿ ಚಾರ್ಜ್ ತಿನ್ನುತ್ತದೆ. ಟ್ರೇಲರ್ ಇದ್ದರೆ ಕ್ಯಾಲಿಫೋರ್ನಿಯಾದಲ್ಲಿ ಗಂಟೆಗೆ 55 ಮೈಲಿ ದಾಟುವಂತಿಲ್ಲ, ಆ ನಿಧಾನವೇ ಚಾರ್ಜ್ ಉಳಿಸಲು ಒಳ್ಳೆಯದಾಯಿತು.

ನಿಜವಾದ ತಲೆನೋವು ಚಾರ್ಜಿಂಗ್. ನಾವು ನಿಂತ ಕಡೆ ಎಲ್ಲ ರಿವರ್ಸ್ ಹಾಕಿ ನಿಲ್ಲಿಸುವ ಜಾಗಗಳೇ, ಹಿಂದೆ ಟ್ರೇಲರ್ ಇದ್ದರೆ ಆಗುವುದಿಲ್ಲ. ಚಕ್ರಕ್ಕೆ ಅಡ್ಡ ಕೊಟ್ಟು, ಚೈನು, ಲೈಟಿನ ವೈರು ಕಳಚಿ, ಜ್ಯಾಕ್ ತಿರುಗಿಸಿ ಟ್ರೇಲರ್ ಬಿಡಿಸಬೇಕು. ಚಾರ್ಜ್ ಆದಮೇಲೆ ಎಲ್ಲ ಮತ್ತೆ ಮೊದಲಿಂದ. ಮಳೆಯಲ್ಲಂತೂ ಬೇಡಪ್ಪ! ವಾಪಸ್ ಬರುವಾಗ ಇಳಿಜಾರಿನಲ್ಲಿ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ತಾನಾಗೇ ತುಂಬಿತು. ವಾರಾಂತ್ಯಕ್ಕೆ ಇದು ಸಾಕು. ದೂರದ ಊರಿಗಾದರೆ ಗೆಳೆಯನ ಪೆಟ್ರೋಲ್ ಪಿಕಪ್ಪೇ ಗತಿ.