ನಲವತ್ತರ ಹತ್ತಿರ ಮೂವ್‌ಮೆಂಟ್ ಟ್ರೈನಿಂಗ್ ಶುರು ಮಾಡಿದವರು ಇದ್ದೀರಾ?

ಪ್ರಶ್ನೆ: ವಯಸ್ಸು 38. ಮಣಿಪಾಲದಲ್ಲಿ ಆಫೀಸ್ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. ಜಿಮ್‌ಗೆ ಎರಡು ಸಲ ಸೇರಿ ಬಿಟ್ಟೆ. ಈಗ ಪ್ರಾಣಿಗಳ ಹಾಗೆ ನಡೆಯುವುದು, ಜೋತಾಡುವುದು, ಉರುಳುವುದು ಎಲ್ಲ ಇರುವ ವಿಡಿಯೋ ನೋಡಿ ಆಸೆ ಆಗಿದೆ. ನೆಲಕ್ಕೆ ಕೂತರೆ ಏಳಲು ಕೈ ಊರಬೇಕು. ಎಲ್ಲಿಂದ ಶುರು ಮಾಡುವುದು?

ಕುಂಜಿಬೆಟ್ಟಿನಿಂದ:
ಕುಕ್ಕರಗಾಲಲ್ಲಿ ಕೂರುವುದರಿಂದ ಶುರು ಮಾಡಿ. ನಿಜವಾಗಿ ಹೇಳ್ತೇನೆ, ಮೊದಲ ತಿಂಗಳು ಅದೊಂದೇ ಸಾಕು. ನನ್ನ ಅಜ್ಜಿ ಎಪ್ಪತ್ತು ದಾಟಿದ ಮೇಲೂ ಅಂಗಳದಲ್ಲಿ ಹಾಗೇ ಕೂತು ಅಡಿಕೆ ಹೆಕ್ಕುತ್ತಿದ್ದರು. 41ನೇ ವಯಸ್ಸಿನಲ್ಲಿ ನಾನು ಕೂರಲು ಹೋದಾಗ ಹಿಮ್ಮಡಿ ನೆಲಕ್ಕೆ ತಾಗಲೇ ಇಲ್ಲ, ಹಿಂದಕ್ಕೆ ಬಿದ್ದೆ.

ಒಂದು ಪರೀಕ್ಷೆ ಮಾಡಿ ನೋಡಿ. ಗೋಡೆಗೆ ಮುಖ ಮಾಡಿ, ಹೆಬ್ಬೆರಳಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಅಂತರ ಬಿಟ್ಟು ಒಂದು ಕಾಲಿಡಿ. ಹಿಮ್ಮಡಿ ಏಳದೆ ಮಂಡಿ ಗೋಡೆಗೆ ತಾಗಬೇಕು. ನನ್ನ ಬಲಗಾಲಿಗೆ ಎರಡೇ ಬೆರಳು, ಹಳೇ ಉಳುಕು ಇತ್ತು. ತೊಂದರೆ ಇದ್ದದ್ದು ಮಂಡಿಯಲ್ಲಲ್ಲ, ಪಾದದ ಗಂಟಿನಲ್ಲಿ. ಆಮೇಲೆ ಹಿಮ್ಮಡಿ ಕೆಳಗೆ ಮಣೆ ಇಟ್ಟು, ಕಿಟಕಿಯ ಸರಳು ಹಿಡಿದು ಅರ್ಧರ್ಧ ನಿಮಿಷ ಕೂರುತ್ತಿದ್ದೆ. ಗಂಜಿ ಬೇಯುವಾಗ ಸ್ವಲ್ಪ, ಪೇಪರ್ ಓದುವಾಗ ಸ್ವಲ್ಪ. ಈ ಮೂವ್‌ಮೆಂಟ್ ಟ್ರೈನಿಂಗನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಒಬ್ಬರಾದ ಇಡೋ ಪೋರ್ಟಲ್ ದಿನಕ್ಕೆ ಒಟ್ಟು 30 ನಿಮಿಷ ಅಂತಾರೆ. ಅಲ್ಲಿಗೆ ಮುಟ್ಟಲು ನನಗೆ ಐದು ತಿಂಗಳು ಬೇಕಾಯಿತು, ಮಣೆಯನ್ನು ತೆಳ್ಳಗೆ ಮಾಡುತ್ತಾ ಹೋದೆ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ ಮಾರಾಯ್ರೆ. ಎರಡನೇ ತಿಂಗಳೇ ಹುಮ್ಮಸ್ಸು ಜಾಸ್ತಿ ಆಗಿ, ದಿನಾ ಅಂಗಳದಲ್ಲಿ ನಾಲ್ಕು ಕಾಲಿನ ನಡಿಗೆ, ಗೋಡೆಗೆ ಕಾಲು ಕೊಟ್ಟು ಕೈ ಮೇಲೆ ನಿಲ್ಲುವುದು. ಮಣಿಕಟ್ಟು ಹಿಡಿದುಕೊಂಡು ಮೂರು ವಾರ ಸ್ಕೂಟರಿನ ಆಕ್ಸಿಲರೇಟರ್ ತಿರುಗಿಸಲು ಆಗಲಿಲ್ಲ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಅದನ್ನು ಮೂಳೆಗೆ ಕಟ್ಟುವ ಟೆಂಡನ್ ನಿಧಾನ, ರಕ್ತ ಸಂಚಾರ ಅಲ್ಲಿ ಕಡಿಮೆ. ಹಾಗಾಗಿ ಮೈಯಲ್ಲಿ ಶಕ್ತಿ ಇದೆ ಅನಿಸಿದಾಗಲೇ ತಡೆದುಕೊಳ್ಳಬೇಕು. ಈಗ ಮೊದಲು ಐದು ನಿಮಿಷ ಅಂಗೈ, ಮಂಡಿ ಊರಿ ಹಿಂದೆ ಮುಂದೆ ತೂಗುತ್ತೇನೆ, ಬೆರಳು ಒಮ್ಮೆ ಮುಂದಕ್ಕೆ, ಒಮ್ಮೆ ಮಂಡಿ ಕಡೆಗೆ.

ಕಂಬಿಗೆ ಜೋತಾಡಲು ಉಡುಪಿಯ ಅಜ್ಜರಕಾಡು ಪಾರ್ಕಿಗೆ ಹೋಗ್ತೇನೆ. ಮೊದಮೊದಲು ಕಾಲು ನೆಲಕ್ಕೆ ತಾಗಿರಲಿ, ಪೂರ್ತಿ ಭಾರ ಬಿಡಬೇಡಿ. ಮಂಡಿ ಊದುತ್ತಿದ್ದರೆ ಇದೆಲ್ಲ ಬಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.

ಸುರತ್ಕಲ್‌ನಿಂದ:
ಮೇಲಿನವರು ಹೇಳಿದ್ದು ಸರಿ. ಉರುಳುವುದನ್ನು ಮಾತ್ರ ಮನೆಯ ಟೈಲ್ಸ್ ಮೇಲೆ ಕಲಿಯಬೇಡಿ. ನಾನು ಕಲಿತದ್ದು ಪಣಂಬೂರಿನ ಮರಳಿನಲ್ಲಿ. ಗದ್ದ ಎದೆಗೆ ಒತ್ತಿ, ಒಂದು ಭುಜದಿಂದ ಎದುರು ಬದಿಯ ಸೊಂಟಕ್ಕೆ ಓರೆಯಾಗಿ ಉರುಳಬೇಕು, ತಲೆ, ಬೆನ್ನುಮೂಳೆ ನೇರ ತಾಗಬಾರದು. ನೀರಿನ ಅಂಚಿನ ಒದ್ದೆ ಮರಳು ನಡಿಗೆಗೆ ಒಳ್ಳೆಯದು, ಆದರೆ ಅದು ಇಳಿಜಾರು, ಹೋದಷ್ಟೇ ದೂರ ವಾಪಸ್ ಬನ್ನಿ. ನಮ್ಮ ಸೆಕೆಗೆ ಬೆವರು ಆರುವುದಿಲ್ಲ, ಮೈ ಬೇಗ ಕಾಯುತ್ತದೆ, ಏಳು ಗಂಟೆಯೊಳಗೆ ಮುಗಿಸಿ. ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯಲೇಬೇಡಿ, ಪಾಚಿ.

ಬ್ರಹ್ಮಾವರದಿಂದ:
ಒಬ್ಬರೇ ಮಾಡಿದರೆ ತಪ್ಪು ಗೊತ್ತಾಗುವುದಿಲ್ಲ. ನಾನು 36ಕ್ಕೆ ಯಕ್ಷಗಾನ ಹೆಜ್ಜೆ ಕಲಿಯಲು ಸೇರಿದೆ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಮಂಡಿ ಹಾಕುವುದನ್ನು, ಅಂದರೆ ಮಂಡಿಯೂರಿ ಗಿರಕಿ ಹೊಡೆಯುವುದನ್ನು, ಚಿಕ್ಕಂದಿನಿಂದ ನೋಡಿ ಆಸೆ ಇತ್ತು. ಗುರುಗಳು ಅದನ್ನು ಮುಟ್ಟಲೇ ಬಿಡಲಿಲ್ಲ, ಒಂದು ವರ್ಷ ಬರೀ ತಾಳಕ್ಕೆ ಹೆಜ್ಜೆ, ಅರ್ಧ ಕೂತು. ಮೂರನೇ ತಿಂಗಳಲ್ಲಿ ಒಂದು ದಿನ ನೆಲದಿಂದ ಕೈ ಊರದೆ ಎದ್ದೆ, ಎದ್ದ ಮೇಲೆಯೇ ಗೊತ್ತಾದದ್ದು. ಕೇರಳದ ಸಮರಕಲೆ ಕಳರಿ ಕಲಿಸುವವರು ಹತ್ತಿರ ಸಿಕ್ಕರೆ ಅದೂ ಒಳ್ಳೆಯದು, ಆನೆ, ಸಿಂಹ, ಹಂದಿ, ಹಾವಿನ ಭಂಗಿಗಳು ಅಲ್ಲಿ ಮೊದಲಿನಿಂದಲೂ ಇವೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಗೋಡೆ ಪರೀಕ್ಷೆ ಈಗಷ್ಟೇ ಮಾಡಿದೆ. ಎಡಗಾಲು ಮೂರು ಬೆರಳು, ಬಲಗಾಲು ಒಂದೂವರೆ. ಅಮ್ಮ ಅಟ್ಟದಿಂದ ಹಳೇ ಮಣೆ ತೆಗೆದುಕೊಟ್ಟಿದ್ದಾರೆ.